ಅಬ್ಬೆ ದುಬ್ವಾರವರ ಗ್ರಂಥ: ಮೈಸೂರಿನ ಸಾಕ್ಷ್ಯವೆಷ್ಟು?

ಮೈಸೂರು ಸೀಮೆಯ ಹಿಂದಿನ ಕಾಲದ ಆಚಾರ ವ್ಯವಹಾರಗಳನ್ನು ಕುರಿತು ಲೇಖನಿ ಹಿಡಿದವರಲ್ಲಿ ಅಬ್ಬೆ ದುಬ್ವಾರವರ ಗ್ರಂಥವನ್ನು ಒಂದು ಸಲವಾದರೂ ಉದಾಹರಿಸದವರು ವಿರಳ. ಮದುವೆಯ ಶಾಸ್ತ್ರವಾಗಲಿ, ಉತ್ತರಕ್ರಿಯೆಯಾಗಲಿ, ಜಾತಿಪಂಚಾಯಿತಿಯ ದಂಡನೆಯಾಗಲಿ, ಮಾತು ಎಲ್ಲಿ ನಿಂತರೂ ಅಲ್ಲಿ ಈ ಫ್ರೆಂಚ್ ಪಾದ್ರಿಗಳ ಸಾಕ್ಷ್ಯವನ್ನು ತಂದು ನಿಲ್ಲಿಸುವುದು ವಾಡಿಕೆಯಾಗಿದೆ. ಅವರು ಈ ನಾಡಿನಲ್ಲಿಯೇ ಇದ್ದವರು, ಕಣ್ಣಾರೆ ಕಂಡವರು, ಈ ಜನರ ಉಡುಪನ್ನೇ ಉಟ್ಟವರು ಎಂಬುದು ಆ ವಾಡಿಕೆಗೆ ಆಧಾರ. ಸಾಕ್ಷಿಯು ಸತ್ಯವಂತನೇ ಎಂದು ಕೇಳಿದವರುಂಟು. ಆತನು ಹೇಳುತ್ತಿರುವುದು ತಾನು ಕಂಡದ್ದನ್ನೇ ಎಂದು ಬಹುಕಾಲದವರೆಗೆ ಯಾರೂ ಕೇಳಲಿಲ್ಲ. ಗ್ರಂಥದ ಬೆಲೆಯನ್ನು ಕಟ್ಟಬೇಕಾದರೆ ಕೇಳಬೇಕಾದುದು ಈ ಎರಡನೆಯ ಪ್ರಶ್ನೆಯನ್ನೇ.

ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿ. ಫ್ರೆಂಚರಲ್ಲಿ ಅದು ಪಾದ್ರಿಗಳನ್ನು ಗೌರವದಿಂದ ಸಂಬೋಧಿಸುವ ಶಬ್ದ. ಝಾನ್ ಆಂತ್ವಾನ್ ದುಬ್ವಾರವರು ಫ್ರಾನ್ಸಿನ ದಕ್ಷಿಣಭಾಗದವರು. ಪ್ಯಾರಿಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿ, ತಮ್ಮ ದೇಶದಲ್ಲಿ ಮಹಾಕ್ರಾಂತಿಯು ಉರಿಯುತ್ತಿದ್ದ ೧೭೯೨ರಲ್ಲಿ ಹೊರಟು ತಮಿಳು ಸೀಮೆಗೆ ಬಂದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬಿಟ್ಟು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದಕ್ಕಾಗಿ ಮೈಸೂರಿಗೆ ಬಂದರು. ಗಂಜಾಮಿನಲ್ಲಿ ದೇವಾಲಯವನ್ನು ಕಟ್ಟಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ಊರೊಂದನ್ನು ನೆಲೆಗೊಳಿಸಿದರು. ಸಿಡುಬಿಗೆ ಹಾಲು ಹಾಕುವ ವಿದ್ಯೆಯು ಹೊಸದಾಗಿ ಬಂದಿದ್ದ ೧೮೦೩-೦೪ರಲ್ಲಿ ಊರೂರು ತಿರುಗಿ ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ಅದನ್ನು ಹಾಕಿಸಿದರು. ಗಡ್ಡ ಬಿಟ್ಟು, ತಲೆಗೆ ಪೇಟ ಸುತ್ತಿ, ಮಾಂಸಾಹಾರವನ್ನು ತ್ಯಜಿಸಿ ಈ ದೇಶದವರಂತೆಯೇ ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ೧೮೨೩ರಲ್ಲಿ ಅವರು ಕಂಪೆನಿಯ ವಿಶ್ರಾಂತಿವೇತನವನ್ನು ಪಡೆದು ಸ್ವದೇಶಕ್ಕೆ ಹಿಂದಿರುಗಿದರು. ೧೮೪೮ರಲ್ಲಿ ಅಲ್ಲಿಯೇ ತೀರಿಕೊಂಡರು. ಮನುಷ್ಯರಾಗಿ ಅವರು ದೊಡ್ಡವರೆಂಬುದರಲ್ಲಿ ವಿವಾದವಿಲ್ಲ. ಗ್ರಂಥಕರ್ತರಾಗಿ ಅವರನ್ನು ಪರಿಶೀಲಿಸುವಾಗ ಈ ದೊಡ್ಡತನವೇ ವಿಮರ್ಶಕರ ಕಣ್ಣಿಗೆ ಅಡ್ಡ ಬಂದಿತು.

ಗ್ರಂಥದ ಹುಟ್ಟಿನ ಕಥೆ ಕುತೂಹಲಕರವಾದುದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ, ಮುಂದೆ ಮೈಸೂರಿನ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ವಿಲ್ಕ್ಸ್ ಸಾಹೇಬರು ಈ ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿಗೆ ಕಳುಹಿಸಿದರು. ಗವರ್ನರಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕರು, ದೇಶದ ಜನರ ನಡವಳಿಕೆಯ ವಿಷಯದಲ್ಲಿ ಕಂಪೆನಿಯ ನೌಕರರಿಗಿರುವ ಅಜ್ಞಾನವನ್ನು ಹೋಗಲಾಡಿಸಲು ಇದು ಉಪಯುಕ್ತವೆಂದು ಬಗೆದು, ಎರಡು ಸಾವಿರ ಪಗೋಡಗಳಿಗೆ ಅದನ್ನು ಕಂಪೆನಿಗೆ ಕೊಳ್ಳುವಂತೆ ಮಾಡಿದರು. ಇದು ನಡೆದುದು ೧೮೦೭ರಲ್ಲಿ. ಇಂಗ್ಲಿಷ್ ಭಾಷಾಂತರವು ೧೮೧೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗ್ರಂಥಕರ್ತರು ಅಷ್ಟರಲ್ಲಿ ಮೂಲವನ್ನು ಹಿಂದಕ್ಕೆ ತರಿಸಿಕೊಂಡು ಬಹುವಾಗಿ ತಿದ್ದಿದ್ದರು. ಆ ತಿದ್ದುಪಾಡುಗಳು ಅಚ್ಚಿಗೆ ಸೇರಲಿಲ್ಲ. ಅವರೇ ೧೮೨೫ರಲ್ಲಿ ಪ್ಯಾರಿಸಿನ ರಾಜಮುದ್ರಣಾಲಯದಿಂದ ಎರಡು ಸಂಪುಟಗಳಲ್ಲಿ ಫ್ರೆಂಚ್ ಪಾಠವನ್ನು ಹೊರಡಿಸಿದರು. ಮದರಾಸಿನಲ್ಲಿ ಉಳಿದುಹೋಗಿದ್ದ ತಿದ್ದಿದ ಪ್ರತಿಯನ್ನು ಹಿಡಿದು ಹೆನ್ರಿ ಬೀಚಮರು ೧೮೯೭ರಲ್ಲಿ ಹೊಸದಾಗಿ ಭಾಷಾಂತರಿಸಿದರು. ಅದಕ್ಕೆ ಮ್ಯಾಕ್ಸ್ ಮುಲ್ಲರ್ ಪಂಡಿತರು ಮುನ್ನುಡಿ ಬರೆದರು. ಇಂದು ವಾಚಕರ ಕೈಯಲ್ಲಿರುವುದು ಬಹುಮಟ್ಟಿಗೆ ಈ ಬೀಚಮ್ ಪಾಠವೇ. ಹೀಗೆ ಒಂದು ಪುಸ್ತಕಕ್ಕೆ ಮೂರು ಮುಖಗಳು. ಇವನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದದೆ ದುಬ್ವಾರವರು ಇಂತೆಂದರು ಎಂದು ಬರೆಯುವುದು ಸಾಹಸದ ಮಾತೇ ಸರಿ.

ಓದುವುದಕ್ಕೆ ಪುಸ್ತಕವು ಬಹು ಸೊಗಸು. ಶೈಲಿಯಲ್ಲಿ ತಿಳಿಯಾದ ಹರಿವುಂಟು. ಬ್ರಾಹ್ಮಣರ ದಿನಚರಿಯನ್ನು ಬೆಳಗಿನ ಶೌಚವಿಧಿಯಿಂದ ಹಿಡಿದು ರಾತ್ರಿಯ ಶಯನದವರೆಗೆ ಇಷ್ಟು ಸಾವಧಾನವಾಗಿ ವರ್ಣಿಸಿದ ಐರೋಪ್ಯರು ಆ ಕಾಲದಲ್ಲಿ ಬಹಳ ಮಂದಿಯಿಲ್ಲ. ಆದರೆ ಓದುತ್ತ ಓದುತ್ತ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಈ ಬ್ರಾಹ್ಮಣನು ಯಾವ ಊರಿನವನು? ಯಾವ ಭಾಷೆಯನ್ನಾಡುವವನು? ಸ್ಮಾರ್ತನೋ, ಮಾಧ್ವನೋ? ಗ್ರಂಥದ ಬಹುಭಾಗದಲ್ಲಿ ಉತ್ತರವಿಲ್ಲ. ಅಲ್ಲಿರುವುದು ಬರಿಯ ಹಿಂದೂ. ಅವನಿಗೆ ಹೆಸರಿಲ್ಲ, ಹೋಬಳಿಯಿಲ್ಲ. ಕೆಮ್ಮಣ್ಣುಗುಂಡಿಯ ತಪ್ಪಲಿನವರು, ತರೀಕೆರೆಯವರು, ಕಡೂರಿನ ಬಯಲಿನವರು ಈ ಪುಟಗಳಲ್ಲಿ ತಮ್ಮ ಅಜ್ಜ ಮುತ್ತಜ್ಜಂದಿರನ್ನು ಹುಡುಕಿದರೆ, ಸಿಕ್ಕುವವನು ಎಲ್ಲರಂತೆಯೂ ಇರುವ, ಆದುದರಿಂದಲೇ ಯಾರಂತೆಯೂ ಇರದ ಒಬ್ಬನು. ಇಪ್ಪತ್ತಮೂರು ವರ್ಷ ಕನ್ನಡ ಸೀಮೆಯಲ್ಲಿ ತಿರುಗಾಡಿದವರ ಪುಸ್ತಕದಲ್ಲಿ ಕನ್ನಡದ ವಾಸನೆ ಇಷ್ಟು ಕಡಮೆಯಾಗಿರುವುದೇಕೆ?

ಈ ಪ್ರಶ್ನೆಗೆ ಉತ್ತರವು ೧೯೮೭ರಲ್ಲಿ ದೊರೆಯಿತು. ಫ್ರಾನ್ಸಿನ ವಿದುಷಿ ಸಿಲ್ವಿಯಾ ಮುರ್‌ರವರು ೧೭೭೭ರ ಒಂದು ಫ್ರೆಂಚ್ ಹಸ್ತಪ್ರತಿಯನ್ನು ಎರಡು ಸಂಪುಟಗಳ ತಮ್ಮ ಗ್ರಂಥದಲ್ಲಿ ಪ್ರಕಟಿಸಿ ವಿಮರ್ಶಿಸಿದರು. ಅದು ದೆವೋ ಎಂಬ ಫ್ರೆಂಚ್ ಸೇನಾಧಿಕಾರಿಯ ಹೆಸರಿನಲ್ಲಿದ್ದಿತು. ಆದರೆ ಅದರ ಒಳಗಿನ ಸಾಮಗ್ರಿ ಕೆರ್ದೂ ಎಂಬ ಜೆಸೂಯಿಟ್ ಪಾದ್ರಿಗಳದೆಂದು ಮುರ್‌ರವರು ಸ್ಥಾಪಿಸಿದರು. ದುಬ್ವಾರವರ ಗ್ರಂಥವನ್ನು ಅದರೊಡನೆ ಹೋಲಿಸಿದಾಗ ವಿಷಯಗಳ ಜೋಡಣೆ, ವಿವರಗಳು, ಅನೇಕ ಕಡೆ ವಾಕ್ಯಗಳು ಕೂಡ ಒಂದೇ ಮೂಲದಿಂದ ಹೊರಟವೆಂಬುದು ಸ್ಪಷ್ಟವಾಯಿತು. ೧೭೩೨ರಲ್ಲಿ ಭಾರತಕ್ಕೆ ಬಂದ ಕೆರ್ದೂರವರು ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು, ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಅದನ್ನು ಸಾರುವುದಕ್ಕೆ ಮೊದಲೇ, ಪ್ಯಾರಿಸಿನ ವಿದ್ವತ್ಸಂಸ್ಥೆಗೆ ಬರೆದು ತಿಳಿಸಿದ್ದವರು. ೧೭೭೩ರಲ್ಲಿ ಪೋಪರು ಜೆಸೂಯಿಟ್ ಸಂಘವನ್ನೇ ರದ್ದುಗೊಳಿಸಿದರು. ಕೆರ್ದೂರವರು ೧೭೭೯ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡರು. ದಿಕ್ಕಿಲ್ಲದ ಅವರ ಕಾಗದಪತ್ರಗಳು ಅನ್ಯರ ಪಾಲಾದವು.

ಕೆರ್ದೂರವರು ದುಡಿದ ಮಿಷನ್ನಿಗೆ ಕರ್ನಾಟಕ ಮಿಷನ್ ಎಂದೇ ಹೆಸರು. ಹೆಸರನ್ನು ಕಂಡು ಕನ್ನಡಿಗರು ಹಿಗ್ಗಬೇಕಾಗಿಲ್ಲ. ಅಂದಿನ ಐರೋಪ್ಯರ ಬಾಯಲ್ಲಿ ಆ ಶಬ್ದವು ಘಟ್ಟದ ಕೆಳಗಿನ ಪೂರ್ವತೀರದ ಸೀಮೆಗೆ ಸಲ್ಲುತ್ತಿದ್ದಿತು. ಮಿಷನ್ನಿನ ವ್ಯವಹಾರವು ಬಹುಮಟ್ಟಿಗೆ ತೆಲುಗಿನಲ್ಲಿ ನಡೆಯುತ್ತಿದ್ದಿತು. ಎಂದಮೇಲೆ, ೧೮೦೦ರ ಸುಮಾರಿನ ಮೈಸೂರಿನ ಚಿತ್ರವೆಂದು ಎರಡು ಶತಮಾನಗಳಿಂದ ಉದಾಹರಿಸಲ್ಪಡುತ್ತಿರುವುದರಲ್ಲಿ ಬಹುಪಾಲು, ಅದಕ್ಕೆ ಒಂದು ತಲೆಮಾರು ಹಿಂದಿನ ತೆಲುಗು ತಮಿಳು ಸೀಮೆಗಳ ಚಿತ್ರ.

ಇದು ಕೃತಿಚೌರ್ಯವೇ? ಹಾಗೆಂದು ಕಟುವಾಗಿ ಹೇಳಿದವರುಂಟು. ತಮ್ಮ ಕೈಗೆ ಆಕಸ್ಮಿಕವಾಗಿ ಬಂದ ಬಿಡಿಬಿಡಿ ಬರಹಗಳನ್ನೂ ಉಪಯೋಗಿಸಿಕೊಂಡಿರುವುದಾಗಿ ದುಬ್ವಾರವರು ತಮ್ಮ ಪೀಠಿಕೆಯಲ್ಲಿ ಸೂಚಿಸಿದ್ದಾರೆ. ಆದರೆ ಕೆರ್ದೂರವರ ಹೆಸರನ್ನು ಎತ್ತಿಲ್ಲ. ಪಾದ್ರಿಗಳ ಮನೆಗಳಲ್ಲಿ ಹಿಂದಿನವರ ಟಿಪ್ಪಣಿಗಳನ್ನು ಮುಂದಿನವರು ಪಡೆದು, ನಕಲು ಮಾಡಿ, ಬೆಳಸಿಕೊಂಡು ಹೋಗುವ ಪದ್ಧತಿಯುಂಟು. ಮಠದಲ್ಲಿ ಗುರುವಿನ ವ್ಯಾಖ್ಯಾನವನ್ನು ಶಿಷ್ಯನು ಬರೆದುಕೊಳ್ಳುವಂತೆಯೇ ಅದು. ಅಷ್ಟರಮಟ್ಟಿಗೆ ಕ್ಷಮೆ ಸಲ್ಲಬಹುದು. ಹಾಗಿದ್ದರೂ ಅದೇ ಬರಹವನ್ನು ಎರಡು ಸಾವಿರ ಪಗೋಡಗಳಿಗೆ ಮಾರಿ, ಸ್ವಂತ ಅವಲೋಕನದ ಫಲವೆಂದು ಒಂದು ಸರಕಾರದ ಕೈಗೆ ಒಪ್ಪಿಸಿದಾಗ ಆ ಕ್ಷಮೆ ಕಿರಿದಾಗುತ್ತದೆ. ಹಣದ ಮಾತು ಹಾಗಿರಲಿ. ಕಂಪೆನಿಯು ಈ ಪುಸ್ತಕವನ್ನು ಕೊಂಡುದು ವಿನೋದಕ್ಕಾಗಿ ಅಲ್ಲ, ಆಳುವುದಕ್ಕಾಗಿ. ಯಾವ ಜಾತಿಯವರು ಯಾವುದಕ್ಕೆ ಒಗ್ಗುವರು, ಯಾವುದಕ್ಕೆ ಕೆರಳುವರು ಎಂಬುದನ್ನು ಹೊಸ ಕಲೆಕ್ಟರುಗಳು ಇದರಿಂದ ಕಲಿಯಬೇಕಾಗಿದ್ದಿತು. ಊರು ಕಾಲಗಳ ಗುರುತಿಲ್ಲದ ವರ್ಣನೆಯು ಅಧಿಕಾರಿಯ ಮೇಜಿನ ಮೇಲೆ ಕುಳಿತಾಗ, ಒಂದು ಸೀಮೆಯ ರೂಢಿಯು ದೇಶಕ್ಕೆಲ್ಲ ವಿಧಿಯಾಗಿ ಕಾಣತೊಡಗುತ್ತದೆ. ಅನಂತರ ಬಂದ ದೇಶೀಯ ವಿದ್ವಾಂಸರು ಕೂಡ ತಮ್ಮ ಪೂರ್ವಿಕರನ್ನು ತಿಳಿಯಲು ಅದೇ ಮೇಜಿನ ಪುಸ್ತಕವನ್ನೇ ತೆರೆದರು.

ಆದರೆ ಗ್ರಂಥವನ್ನು ಎಸೆಯತಕ್ಕುದೆಂದು ಇದರ ಅರ್ಥವಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಭದ್ರಾವತಿಯ ಕಾರ್ಖಾನೆಗಾಗಿ ಅದಿರು ತೆಗೆದ ಕಡೆಗಳಲ್ಲಿ ಬೆಟ್ಟದ ಮೈಯನ್ನು ಕಡಿದ ಕಡಿತವು ಕಾಣುತ್ತದೆ. ಹುಲ್ಲು ಮುಚ್ಚಿದ ಮೈಯನ್ನು ನೋಡಿದವರಿಗೆ ಬೆಟ್ಟವು ಒಂದೇ. ಕಡಿತವನ್ನು ನೋಡಿದವರಿಗೆ ಮೇಲಿನ ಮಣ್ಣು ಬೇರೆ, ಒಳಗಿನ ಕೆಂಪು ಬೇರೆ. ಮುರ್‌ರವರು ಮಾಡಿದುದು ಇಂತಹ ಕಡಿತ. ಇನ್ನು ಮುಂದಿನ ವಾಚಕರು ಎರಡು ಪದರಗಳನ್ನು ಬೇರ್ಪಡಿಸಿ ಓದಬೇಕು. ಬೇರ್ಪಡಿಸುವ ಕ್ರಮ ಮಾತ್ರ ಸುಲಭವಲ್ಲ. ಮೈಸೂರಿನ ಹೆಸರು ಬಂದಲ್ಲೆಲ್ಲ ದುಬ್ವಾರವರದು, ಉಳಿದಲ್ಲಿ ಕೆರ್ದೂರವರದು ಎಂದು ಗೆರೆ ಎಳೆದರೆ ಮೋಸಹೋಗುವ ಸಂಭವವುಂಟು. ಮೈಸೂರಿನ ಪೂರ್ವಭಾಗದಲ್ಲಿ ಹಿರಿಯ ಮಗಳ ಮದುವೆಯ ಕಾಲದಲ್ಲಿ ತಾಯಿಯ ಬೆರಳುಗಳನ್ನು ಕತ್ತರಿಸುತ್ತಿದ್ದ ಕ್ರೂರ ಪದ್ಧತಿಯನ್ನು ಗ್ರಂಥವು ಹೇಳುತ್ತದೆ. ಮೊರಸು ಒಕ್ಕಲಿಗರಲ್ಲಿ ಹಿಂದೆ ಅಂತಹ ರೂಢಿಯಿದ್ದುದು ಬೇರೆ ಆಧಾರಗಳಿಂದಲೂ ಗೊತ್ತಿದೆ. ಆದರೆ ಆ ಸೀಮೆಯು ತೆಲುಗು ಕನ್ನಡಗಳು ಕೂಡುವ ಗಡಿ. ಅದು ಕೆರ್ದೂರವರ ಮಿಷನ್ನಿನವರ ಕಿವಿಗೂ ಬೀಳುವಷ್ಟು ಹತ್ತಿರ. ಆದುದರಿಂದ ಊರಿಗಿಂತ ಕಾಲವೇ ಭದ್ರವಾದ ಒರೆಗಲ್ಲು. ಟಿಪ್ಪುವಿನ ಆಳಿಕೆ, ಶ್ರೀರಂಗಪಟ್ಟಣದ ಪತನ, ಕಂಪೆನಿಯ ಹೊಸ ಆಡಳಿತ, ಇವು ಎಲ್ಲಿ ಮಾತಿನೊಳಗೆ ಬರುತ್ತವೆಯೋ ಅಲ್ಲಿ ೧೭೭೯ರಲ್ಲಿ ಕಣ್ಮುಚ್ಚಿದವರ ಕೈಯಿರಲಾರದು.

ದುಬ್ವಾರವರ ಸ್ವಂತ ಧ್ವನಿಯನ್ನು ಕೇಳಬೇಕೆಂಬವರು ಈ ದೊಡ್ಡ ಪುಸ್ತಕವನ್ನು ಬದಿಗಿಟ್ಟು ಅವರ ಸಣ್ಣ ಪುಸ್ತಕವನ್ನು ಎತ್ತಿಕೊಳ್ಳಬೇಕು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ೧೮೨೩ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಲ್ಲಿ ಎರವಲಿನ ಸಾಮಗ್ರಿಯ ಗಾಂಭೀರ್ಯವಿಲ್ಲ. ಸೋತ ಮನುಷ್ಯನೊಬ್ಬನ ನೇರವಾದ ಮಾತಿದೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿಯೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರೋ ತಿರುಕರೋ ಎಂದೂ, ನಿಜವಾದ ನಂಬಿಕೆಯಿಂದ ಬಂದವರು ಯಾರೂ ಇಲ್ಲವೆಂದೂ ಅವರು ನಾಚಿಕೆಯಿಂದ ಒಪ್ಪಿಕೊಳ್ಳುತ್ತಾರೆ. ಬಡವರ ನಂಬಿಕೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಿದುದು ಅವರ ದೋಷ; ಹೊಲೆಯನ ಎದೆಯೊಳಗೆ ಏನಿದ್ದಿತೆಂಬುದನ್ನು ಅವರು ಎಷ್ಟರಮಟ್ಟಿಗೆ ಕೇಳಿದರು? ಸಾತಳ್ಳಿಯಲ್ಲಿ ನೆಲ ಉತ್ತು, ಮಕ್ಕಳಿಗೆ ಮೊಮ್ಮಕ್ಕಳಿಗೆ ಅದೇ ಮತವನ್ನು ಉಳಿಸಿಕೊಟ್ಟವರು ಈ ಲೆಕ್ಕಕ್ಕೆ ಬೇರೆ ಉತ್ತರವನ್ನೇ ಕೊಟ್ಟಿದ್ದಾರೆ. ಆದರೂ ಮಿಷನರಿಯೊಬ್ಬನು ತನ್ನ ಸೋಲನ್ನು ಇಷ್ಟು ಬಿಚ್ಚಿ ಬರೆದುದು ಅಪೂರ್ವ. ಪ್ರಾಟೆಸ್ಟೆಂಟ್ ಪಾದ್ರಿಗಳಾದ ಜೇಮ್ಸ್ ಹಫ್‌ರವರು ಮರುವರ್ಷವೇ ಇದಕ್ಕೆ ಪ್ರತ್ಯುತ್ತರವಾಗಿ ಗ್ರಂಥವನ್ನು ಬರೆಯಬೇಕಾಯಿತು.

ಈ ಪತ್ರಗಳಲ್ಲಿಯೂ ಸಂಖ್ಯೆಗಳನ್ನು ಎಚ್ಚರದಿಂದ ನೋಡಬೇಕು. ೧೭೮೪ರಲ್ಲಿ ಕೆನರಾದಿಂದ ಟಿಪ್ಪುವು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕ್ರೈಸ್ತರು ಅರುವತ್ತು ಸಾವಿರವೆಂದು ದುಬ್ವಾರವರು ಹೇಳುತ್ತಾರೆ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆ ಎಣಿಕೆಗಳುಂಟು. ಸೆರೆಯ ದುಃಖವು ಸಂಖ್ಯೆಯಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೆ ಇಷ್ಟು ದೊಡ್ಡ ಅಂತರವು ಒಂದೇ ಘಟನೆಯ ಎಣಿಕೆಯಲ್ಲಿ ಬರುವುದಾದರೆ, ಹೆಸರು ಹಿಡಿದು ಎಣಿಸುವ ದಫ್ತರದ ಬೆಲೆ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ.

ಕ್ಯಾಥೊಲಿಕ್ ದೇವಾಲಯಗಳಲ್ಲಿ ಅಂತಹ ದಫ್ತರವುಂಟು. ಹದಿನಾರನೆಯ ಶತಮಾನದ ಟ್ರೆಂಟ್ ಧರ್ಮಸಭೆಯ ಕಾಲದಿಂದ ಜ್ಞಾನಸ್ನಾನ, ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡುವುದು ಪಾದ್ರಿಗಳ ಕರ್ತವ್ಯವಾಯಿತು. ಮರಣದ ಪುಸ್ತಕವೂ ಅನಂತರ ಸೇರಿತು. ದಿನ, ಮಗುವಿನ ಹೆಸರು, ತಾಯಿತಂದೆಗಳು, ಜ್ಞಾನದ ತಾಯಿತಂದೆಗಳು, ಪಾದ್ರಿಯ ರುಜು, ಇಷ್ಟೆ. ಅಲಂಕಾರವಿಲ್ಲ, ಸಿದ್ಧಾಂತವಿಲ್ಲ. ದೊಡ್ಡ ಗ್ರಂಥವು ಹಿಂದೂ ಎಂದು ಒಂದೇ ಮಾತಿನಲ್ಲಿ ಮುಗಿಸಿದ ಕಡೆ ಈ ದಫ್ತರವು ಇಂತಹವಳ ಮಗಳು ಇಂತಹವಳು ಎಂದು ಬರೆಯುತ್ತದೆ. ಬರೆಯುವಾತನು ತನ್ನ ಅಭಿಪ್ರಾಯವನ್ನು ತುರುಕುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಮಗುವಿಗೆ ಸಂತರ ಹೆಸರನ್ನಿಟ್ಟು ಮನೆಯ ಹೆಸರನ್ನು ಮರೆಸಿದುದೊಂದೇ ಅದರ ಅಭಿಪ್ರಾಯ, ಅದೂ ಸಣ್ಣದಲ್ಲ.

ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಇದಕ್ಕೆ ಸಮಾನವಾದ ಉದಾಹರಣೆಯೊಂದಿದೆ. ಉತ್ತರ ಅಮೇರಿಕದ ಮಹಾಸರೋವರಗಳ ದಡದ ಒಜಿಬ್ವಾ ಜನರ ನಡುವೆ ಸ್ಲೊವೇನಿಯದ ಫ್ರೆಡರಿಕ್ ಬರಾಗಾ ಎಂಬ ಕ್ಯಾಥೊಲಿಕ್ ಪಾದ್ರಿಗಳು ೧೮೩೫ರಿಂದ ದುಡಿದರು, ೧೮೫೩ರಲ್ಲಿ ಬಿಷಪ್ಪರಾದರು, ೧೮೬೮ರಲ್ಲಿ ಅಲ್ಲಿಯೇ ಮಡಿದರು. ಅವರೂ ಅಮೇರಿಕದ ಮೂಲನಿವಾಸಿಗಳ ಚರಿತ್ರೆ, ಸ್ವಭಾವ, ಆಚಾರಗಳನ್ನು ಕುರಿತು ೧೮೩೭ರಲ್ಲಿ ಯೂರೋಪಿನ ವಾಚಕರಿಗಾಗಿ ಒಂದು ಗ್ರಂಥವನ್ನು ಹೊರಡಿಸಿದರು. ದುಬ್ವಾರವರ ಗ್ರಂಥದ ಜಾತಿಗೇ ಸೇರಿದ ಪುಸ್ತಕವದು. ಇಂದು ಬರಾಗಾರವರನ್ನು ಜನರು ನೆನೆಯುವುದು ಅದಕ್ಕಾಗಿ ಅಲ್ಲ. ೧೮೫೦ರ ವ್ಯಾಕರಣಕ್ಕಾಗಿ, ೧೮೫೩ರ ಒಜಿಬ್ವಾ ನಿಘಂಟಿಗಾಗಿ. ಭಾಷೆಯನ್ನು ಮಕ್ಕಳಿಗೆ ಮತ್ತೆ ಕಲಿಸಬೇಕೆನ್ನುವವರು ನಿಘಂಟನ್ನು ತೆರೆಯುತ್ತಾರೆ. ತಮ್ಮ ವಂಶವನ್ನು ಹುಡುಕುವವರು ಮಿಷನ್ ದೇವಾಲಯದ ಜ್ಞಾನಸ್ನಾನದ ಪುಸ್ತಕವನ್ನು ತೆರೆಯುತ್ತಾರೆ. ಅವರ ಆಚಾರಗಳನ್ನು ಅವರಿಗೇ ವಿವರಿಸಹೊರಟ ಗ್ರಂಥವು ಕಪಾಟಿನಲ್ಲಿ ಉಳಿದಿದೆ.

ಮೈಸೂರು ಮಿಷನ್ನಿನಲ್ಲಿಯೂ ನಿಘಂಟಿನ ಕೆಲಸ ಅದೇ ವರ್ಷಗಳಲ್ಲಿ ನಡೆದುದು ಗಮನಾರ್ಹ. ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ೧೮೫೫ರಲ್ಲಿ ಬುತಲೂ ಪಾದ್ರಿಗಳ ಕನ್ನಡ-ಲ್ಯಾಟಿನ್ ನಿಘಂಟೂ, ೧೮೬೧ರಲ್ಲಿ ಬಿಷಪ್ ಶಾರ್ಬೊನೋರವರ ಲ್ಯಾಟಿನ್-ಕನ್ನಡ ನಿಘಂಟೂ ಹೊರಬಂದವು. ಕಿಟ್ಟೆಲರ ಮಹಾನಿಘಂಟು ೧೮೯೪ರದು. ಕಿಟ್ಟೆಲರನ್ನು ಕನ್ನಡಿಗರು ಸರಿಯಾಗಿಯೇ ಪೂಜಿಸುತ್ತಾರೆ. ಬುತಲೂರವರ ಹೆಸರನ್ನು ಕೇಳಿದವರು ಎಷ್ಟು ಮಂದಿ? ಲ್ಯಾಟಿನ್ನಿನ ಬೇಲಿಯೊಳಗಿದ್ದುದೇ ಇದಕ್ಕೆ ಕಾರಣವಾಗಿರಬಹುದು. ಇನ್ನೂ ಹಿಂದೆ, ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸೂಯಿಟ್ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡವನ್ನು ಕಲಿತು ವ್ಯಾಕರಣವನ್ನು ರಚಿಸಿದರು. ಆ ಮಿಷನ್ನಿನಿಂದ ರೋಮಿಗೆ ಹೋದ ವಾರ್ಷಿಕ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ಫೆರೋಲಿ ಪಾದ್ರಿಗಳು ೧೯೫೫ರಲ್ಲಿ ಮೈಸೂರಿನ ಜೆಸೂಯಿಟರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆ ಪತ್ರಗಳಲ್ಲಿ ಭಕ್ತಿಯ ಉತ್ಪ್ರೇಕ್ಷೆ ಧಾರಾಳವಾಗಿದೆ. ಆದರೆ ತಾರೀಖು ಉಂಟು, ಊರ ಹೆಸರು ಉಂಟು.

ಕಡೂರು ತರೀಕೆರೆ ಸೀಮೆಯ ಕ್ರೈಸ್ತರ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ದುಬ್ವಾರವರ ದೊಡ್ಡ ಪುಸ್ತಕದಿಂದ ಸಿಕ್ಕುವ ಸಹಾಯ ಅತ್ಯಲ್ಪ. ಬಾಬಾಬುಡನ್ ಗಿರಿಯ ಸಾಲಿನಲ್ಲಿ ಕಾಫಿ ತೋಟಗಳು ಎದ್ದ ಮೇಲೆ ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನ ಮನೆತನಗಳು, ತೋಟದ ಸಾಲುಮನೆಗಳಲ್ಲಿ ನೆಲೆನಿಂತ ಕೂಲಿಗಳು, ಇವರೆಲ್ಲರೂ ಆ ಪುಸ್ತಕವು ಅಚ್ಚಾದ ಅನಂತರದ ಜನ. ಇವರು ಮೊದಲು ಮೈಸೂರಿನ ಬಿಷಪ್ಪರ ಆಡಳಿತಕ್ಕೆ ಒಳಪಟ್ಟಿದ್ದರು. ೧೯೬೩ರಲ್ಲಿ ಚಿಕ್ಕಮಗಳೂರು ಬೇರೆಯಾದ ಧರ್ಮಪ್ರಾಂತವಾಯಿತು. ಹುಟ್ಟಿದವರು, ಕೈಹಿಡಿದವರು, ಮಲೇರಿಯಾಕ್ಕೆ ತುತ್ತಾದವರು ದೇವಾಲಯದ ದಫ್ತರದಲ್ಲಿ ಸಾಲುಸಾಲಾಗಿ ನಿಲ್ಲುತ್ತಾರೆ. ತೋಟದ ಚೆಕ್‌ರೋಲಿನಲ್ಲಿ ಕೂಲಿಯಾಳು ಒಂದು ಹಾಜರಿ ಮಾತ್ರ. ಜ್ಞಾನಸ್ನಾನದ ಪುಸ್ತಕದಲ್ಲಿ ಅವಳು ಒಬ್ಬರ ಮಗಳು, ಮತ್ತೊಬ್ಬರ ತಾಯಿ. ಈ ಎರಡನ್ನೂ ಎದುರೆದುರಿಗೆ ಇಟ್ಟು ಓದಬಲ್ಲವರು ಲ್ಯಾಟಿನ್, ಕೊಂಕಣಿ, ಕನ್ನಡ ಮೂರನ್ನೂ ಬಲ್ಲವರಾಗಿರಬೇಕು. ಮಲೆನಾಡಿನ ಮಳೆಯಲ್ಲಿ ಕಾಗದಕ್ಕೆ ಆಯುಸ್ಸು ಕಡಮೆ. ಗೆದ್ದಲಿಗೆ ಲ್ಯಾಟಿನ್ ಕನ್ನಡಗಳ ಭೇದವಿಲ್ಲ.